ವರ್ಕ್‌ಶಾಪ್ ಗೋಡೆಗೆ ಯಾವ ಪ್ಲೈವುಡ್? ಕೊಡಗಿನ ತೇವಕ್ಕೆ ತಕ್ಕ ಆಯ್ಕೆ

ಪ್ಲೈವುಡ್ ಅಂಗಡಿಯಲ್ಲಿ "ಗೋಡೆಗೆ ಹತಾರ ನೇತುಹಾಕಲು ಶೀಟ್ ಬೇಕು" ಅಂದರೆ ಎರಡು ಥರದ ಉತ್ತರ ಬರುತ್ತದೆ. ಒಬ್ಬರು "ಮಡಿಕೇರಿ ಮಳೆಗೆ ಮರೈನ್ ಬಿಟ್ಟು ಬೇರೆ ಮಾತೇ ಬೇಡ" ಅನ್ನುತ್ತಾರೆ. ಇನ್ನೊಬ್ಬರು "ಶೆಡ್ಡಿಗೆ ತಾನೇ, ಎಂಆರ್ ಸಾಕು ಬಿಡಿ" ಅನ್ನುತ್ತಾರೆ. ಮರೈನ್ ಅಂದರೆ ನೀರನ್ನು ಎಲ್ಲಕ್ಕಿಂತ ಹೆಚ್ಚು ತಡೆಯುವ ದುಬಾರಿ ದರ್ಜೆ, ಎಂಆರ್ (ಮಾಯಿಶ್ಚರ್ ರೆಸಿಸ್ಟೆಂಟ್) ಅಂದರೆ ಸ್ವಲ್ಪ ತೇವ ಮಾತ್ರ ತಡೆಯುವ ಅಗ್ಗದ ದರ್ಜೆ. ಹೆಚ್ಚಿನವರಿಗೆ ಎರಡೂ ಸರಿಹೊಂದುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ನಡುವಿನ ಬಿಡಬ್ಲ್ಯುಆರ್ (ಬಾಯ್ಲಿಂಗ್ ವಾಟರ್ ರೆಸಿಸ್ಟೆಂಟ್) ದರ್ಜೆಯ, ಒಳಪದರ ಗಟ್ಟಿಯಿರುವ 18 ಅಥವಾ 19 ಮಿ.ಮೀ. ಶೀಟ್ ತನ್ನಿ. ಮರೈನ್‌ಗೆ ಸುರಿಯಬೇಕಿದ್ದ ಹೆಚ್ಚುವರಿ ದುಡ್ಡನ್ನು ಗೋಡೆ ಮತ್ತು ಪ್ಲೈ ನಡುವೆ ಗಾಳಿ ಆಡುವಂತೆ ಮಾಡಲು, ಅಂಚಿಗೆ ಪೇಂಟ್ ಬಳಿಯಲು ಹಾಕಿ. ಜಾಸ್ತಿ ವರ್ಷ ಬಾಳುತ್ತದೆ. ಈ ಮಾತು ಯಾರಿಗೆ ಹೊಂದುವುದಿಲ್ಲ ಅನ್ನುವುದನ್ನೂ ಹೇಳುತ್ತೇನೆ.

ಗೋಡೆಯ ಮೇಲೆ ಕಟ್ಟುವುದು ಏನು?

ಶೀಟ್ ಆರಿಸುವ ಮುಂಚೆ ಇದು ತೀರ್ಮಾನವಾಗಬೇಕು. ಸುಲಭದ ದಾರಿ ಅಂದರೆ ಇಡೀ ಹಲಗೆಯನ್ನು ಗೋಡೆಗೆ ಬಡಿದು ಮೊಳೆ, ಕೊಕ್ಕೆ ಸಿಕ್ಕಿಸುವುದು. ತೂತಿನ ಹಾರ್ಡ್‌ಬೋರ್ಡಿನ ಪೆಗ್‌ಬೋರ್ಡ್ ಕೂಡ ಸಿಗುತ್ತದೆ. ಅದು ನಮ್ಮ ಮಳೆಗಾಲಕ್ಕೆ ಬೇಡ. ತೇವ ಕುಡಿದು ತೂತುಗಳು ಸಡಿಲವಾಗುತ್ತವೆ, ಕೊಕ್ಕೆಗಳು ಕಳಚಿ ಬೀಳುತ್ತವೆ. ತಗಡಿನ ಪೆಗ್‌ಬೋರ್ಡ್ ಆದರೆ ಸ್ಪ್ಯಾನರ್, ಸ್ಕ್ರೂಡ್ರೈವರ್‌ಗಳಿಗೆ ಚೆನ್ನ.

ನಾನು ಹೇಳಹೊರಟಿರುವುದು ಮುಖ್ಯವಾಗಿ ಫ್ರೆಂಚ್ ಕ್ಲೀಟ್ ಪದ್ಧತಿಗೆ. ಪ್ಲೈಯನ್ನು ಸುಮಾರು 3 ಇಂಚು ಅಗಲದ ಉದ್ದನೆಯ ಪಟ್ಟಿಗಳಾಗಿ ಕೊಯ್ಯುತ್ತಾರೆ. ಪಟ್ಟಿಯ ಒಂದು ಅಂಚು 45 ಡಿಗ್ರಿ ಓರೆ. ಆ ಓರೆ ಗೋಡೆಯ ಕಡೆಗೆ ಇಳಿಯುವಂತೆ ಪಟ್ಟಿಗಳನ್ನು ಸಾಲಾಗಿ ಅಡ್ಡಕ್ಕೆ ಕೂರಿಸುತ್ತಾರೆ. ಹತಾರ ಹಿಡಿಯುವ ಪೆಟ್ಟಿಗೆ, ಹಲಗೆ, ಗೂಟ ಎಲ್ಲದರ ಬೆನ್ನಿಗೂ ಅದೇ ಓರೆಯ ಪಟ್ಟಿ ತಲೆಕೆಳಗಾಗಿ ಇರುತ್ತದೆ. ಮೇಲಿಂದ ಸಿಕ್ಕಿಸಿದರೆ ತೂಕಕ್ಕೇ ಕಚ್ಚಿಕೊಳ್ಳುತ್ತದೆ. ಬೇಡವೆನಿಸಿದರೆ ಎತ್ತಿ ಬೇರೆ ಕಡೆ ಹಾಕಬಹುದು.

ತೋಟದ ಮನೆಗೆ ಇದು ಒಗ್ಗುವುದಕ್ಕೆ ಕಾರಣವಿದೆ. ನಮ್ಮಲ್ಲಿ ಹತಾರಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂವಿಗೆ ನೀರು ಕೊಡುವಾಗ ಸ್ಪ್ರಿಂಕ್ಲರ್ ಜೆಟ್, ಕಪ್ಲಿಂಗ್, ವಾಷರ್ ಡಬ್ಬ ಕೈಗೆಟುಕಬೇಕು. ಮಳೆಗೆ ಮುಂಚೆ ಮರಕಪಾತಿನ (ನೆರಳಿನ ಮರದ ಕೊಂಬೆ ಸವರುವ) ಕತ್ತಿ, ಹಗ್ಗ, ಚೈನ್ ಸಾ. ಮಳೆ ನಡುವೆ ವೀಡ್ ಕಟರ್. ಕೊಯ್ಲಿಗೆ ಮತ್ತೆ ಬೇರೆ ಸಾಮಾನು. ಗೋಡೆಯಲ್ಲಿ ಖಾಯಂ ಮೊಳೆ ಹೊಡೆದರೆ ವರ್ಷದ ಅರ್ಧ ಕಾಲ ಬೇಡದ್ದೇ ಎದುರಿಗೆ ನೇತಾಡುತ್ತದೆ, ಅಲ್ವಾ?

ಈ ಪದ್ಧತಿಯಲ್ಲಿ ಪೂರ್ತಿ ಭಾರ ಬೀಳುವುದು ಆ ಓರೆ ಅಂಚಿನ ತುದಿಗೆ. ಅಲ್ಲಿ ಪ್ಲೈಯ ಒಳಪದರಗಳೆಲ್ಲ ಬಯಲಾಗಿರುತ್ತವೆ. ಒಳಗೆ ಒಂದು ಪದರ ತುಂಡಾಗಿ ಸಂದು ಬಿದ್ದಿದ್ದರೆ ಅಂಚು ಅಲ್ಲೇ ಚಕ್ಕೆ ಏಳುತ್ತದೆ. ಕಪಾಟು ಮಾಡಿಸುವವರು ಮೇಲ್ಮೈ ನೋಡಿ ಪ್ಲೈ ಕೊಳ್ಳುತ್ತಾರೆ. ನೀವು ಅಂಚು ನೋಡಿ ಕೊಳ್ಳಬೇಕು.

ದರ್ಜೆ ಅಂದರೆ ಅಂಟು

ಎಂಆರ್, ಬಿಡಬ್ಲ್ಯುಆರ್, ಮರೈನ್ ಇವುಗಳ ನಡುವಿನ ದೊಡ್ಡ ವ್ಯತ್ಯಾಸ ಅಂಟಿನದ್ದು. ಎಂಆರ್‌ನಲ್ಲಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು. ಬಿಡಬ್ಲ್ಯುಆರ್ ಮತ್ತು ಮರೈನ್‌ನಲ್ಲಿ ಸಾಮಾನ್ಯವಾಗಿ ಫೀನಾಲ್ ಫಾರ್ಮಾಲ್ಡಿಹೈಡ್. ಮೊದಲೆರಡು ದರ್ಜೆಗಳು ಐಎಸ್ 303 ಅನ್ನುವ ಭಾರತೀಯ ಮಾನದಂಡದ ಅಡಿಯಲ್ಲಿ ಬರುತ್ತವೆ. ಮರೈನ್ ಐಎಸ್ 710.

ಪರೀಕ್ಷೆ ನೋಡಿದರೆ ಅಂತರ ಗೊತ್ತಾಗುತ್ತದೆ. ಎಂಆರ್ ತುಂಡು 60 ಡಿಗ್ರಿ ಬಿಸಿನೀರಿನಲ್ಲಿ 3 ಗಂಟೆ ತಡೆದರೆ ಸಾಕು. ಬಿಡಬ್ಲ್ಯುಆರ್ ಕುದಿಯುವ ನೀರಿನಲ್ಲಿ 8 ಗಂಟೆ ನಿಲ್ಲಬೇಕು. ಮರೈನ್ 72 ಗಂಟೆ. ಮೂರು ದಿನ ಕುದಿಸಿದರೂ ಪದರ ಬಿಡದ ಹಲಗೆ ಅಂದರೆ ದೋಣಿಗೇ ಸರಿ. ನಿಮ್ಮ ಗೋಡೆಯನ್ನು ಯಾರೂ ಕುದಿಸುವುದಿಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯಲ್ಲೇ ನೀರಿರುತ್ತದೆ, ಆಮೇಲೆ ಬಿಸಿಲಿಗೆ ಒಣಗುತ್ತದೆ. ಊದು, ಕುಗ್ಗು, ಮತ್ತೆ ಊದು. ಎಂಆರ್ ಅಂಟು ಸೋಲುವುದು ಇಲ್ಲಿ. ಮೊದಲ ಮಳೆಗಾಲಕ್ಕೆ ಏನೂ ಆಗದೆ ಇರಬಹುದು. ಎರಡು ಮೂರು ಮಳೆ ಕಳೆದಾಗ ಓರೆ ಅಂಚಿನಲ್ಲಿ ಪದರ ಬಾಯಿ ಬಿಡಲು ಶುರುವಾಗುತ್ತದೆ.

ಹಾಗಂತ ಇಡೀ ಕೊಡಗಿಗೆ ಒಂದೇ ಲೆಕ್ಕ ಹಾಕಬೇಡಿ. ಮಡಿಕೇರಿಯ ವಾರ್ಷಿಕ ಸರಾಸರಿ ಮಳೆ 3000 ಮಿ.ಮೀ. ದಾಟುತ್ತದೆ. ಭಾಗಮಂಡಲ, ತಲಕಾವೇರಿ ಕಡೆ ಅದಕ್ಕಿಂತ ಎಷ್ಟೋ ಹೆಚ್ಚು. ಕುಶಾಲನಗರಕ್ಕೆ ಇಳಿದರೆ ಮಡಿಕೇರಿಯ ಅರ್ಧವೂ ಇಲ್ಲ. ಕುಶಾಲನಗರ, ಶನಿವಾರಸಂತೆ ಕಡೆಯ ಒಣ ಜಾಗದಲ್ಲಿ, ಕಾಂಕ್ರೀಟ್ ಛಾವಣಿಯ ಒಳಕೋಣೆಯಲ್ಲಿ ವರ್ಕ್‌ಶಾಪ್ ಇದ್ದರೆ ಎಂಆರ್ ಕೂಡ ನಡೆಯುತ್ತದೆ, ಅಂಚಿಗೆ ಪೇಂಟ್ ಇದ್ದರೆ. ಮಡಿಕೇರಿ, ನಾಪೋಕ್ಲು, ವಿರಾಜಪೇಟೆ ಸುತ್ತಿನಲ್ಲಿ ಬಿಡಬ್ಲ್ಯುಆರ್‌ಗಿಂತ ಕೆಳಗೆ ಇಳಿಯಬೇಡಿ.

ಮರೈನ್ ಯಾರಿಗೆ? ಮೂರು ಕಡೆ ತೆರೆದ ಶೆಡ್ ಇದ್ದವರಿಗೆ. ಇರಚಲು ನೇರ ಬಡಿಯುವ ಪಶ್ಚಿಮದ ಗೋಡೆಯೇ ಸಿಕ್ಕಿದವರಿಗೆ. ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಪಕ್ಕದಲ್ಲಿ, ನೀರು ಹಾರುವ ಜಾಗದಲ್ಲಿ ಕಟ್ಟುವವರಿಗೆ. ಮಳೆಗಾಲ ಪೂರ್ತಿ ಒದ್ದೆಯಾಗಿಯೇ ಇರುವ ಮಣ್ಣಿನ ಗೋಡೆಯವರಿಗೂ ಬೇಕಾದೀತು. ಇನ್ನೊಂದು ಲಾಭ, ಐಎಸ್ 710 ಪ್ರಕಾರ ಮರೈನ್ ಪ್ಲೈಗೆ ಹುಳು, ಕೊಳೆತ ತಡೆಯುವ ರಾಸಾಯನಿಕ ಕೊಟ್ಟಿರಲೇಬೇಕು. ಉಳಿದವರಿಗೆ ಇದು ಬೇಡದ ಖರ್ಚು. ಲೆಕ್ಕ ಸುಲಭ: 8x4 ಅಡಿ ಶೀಟ್ ಅಂದರೆ 32 ಚದರ ಅಡಿ. ಎರಡು ದರ್ಜೆಗೆ ಚದರ ಅಡಿಗೆ 30 ರೂಪಾಯಿ ವ್ಯತ್ಯಾಸ ಅಂದುಕೊಂಡರೂ ಒಂದು ಶೀಟಿಗೆ 960 ರೂಪಾಯಿ. ಪ್ರೈಮರ್, ಪೇಂಟ್, ತುಕ್ಕು ಹಿಡಿಯದ ಸ್ಕ್ರೂ ಎಲ್ಲದಕ್ಕೂ ಅದೇ ದುಡ್ಡು ದೊಡ್ಡ ಆಸರೆ.

ಬಣ್ಣ ನೋಡಿ ಮರುಳಾಗಬೇಡಿ. ಗರ್ಜನ್ ಮರದ ಕೆಂಪು ಮುಖ ಇದ್ದರೆ ಮರೈನ್ ಅಂತ ತುಂಬಾ ಜನ ನಂಬಿದ್ದಾರೆ. ಕೆಂಪು ಮುಖವನ್ನು ಎಂಆರ್‌ಗೂ ಅಂಟಿಸುತ್ತಾರೆ, ಬಣ್ಣ ಬಳಿದು ಕೆಂಪು ಮಾಡುವವರೂ ಇದ್ದಾರೆ. ಮುಖದ ಬಣ್ಣಕ್ಕೂ ಒಳಗಿನ ಅಂಟಿಗೂ ಸಂಬಂಧವಿಲ್ಲ. ಹೊಸದಾಗಿ ಕೊಯ್ದ ಅಂಚಿನಲ್ಲಿ ಪದರಗಳ ನಡುವಿನ ಗೆರೆ ನೋಡಿ. ಫೀನಾಲ್ ಅಂಟು ಗಾಢ ಕಂದು ಅಥವಾ ಕಪ್ಪು ಗೆರೆಯಾಗಿ ಕಾಣುತ್ತದೆ. ಯೂರಿಯಾ ಅಂಟಿನ ಗೆರೆ ತಿಳಿ, ಎಷ್ಟೋ ಸಲ ಕಾಣುವುದೇ ಇಲ್ಲ.

ಪ್ಲೈ ಬಿಟ್ಟು ಬೇರೆ ಏನಿದೆ?

ಬ್ಲಾಕ್ ಬೋರ್ಡ್ ಹಗುರ, ಉದ್ದಕ್ಕೆ ಬಾಗುವುದೂ ಕಮ್ಮಿ. ಏಳೆಂಟು ಅಡಿಯ ಕಪಾಟಿನ ಹಲಗೆಗೆ ಪ್ಲೈಗಿಂತ ಚೆನ್ನ. ಕ್ಲೀಟ್ ಪಟ್ಟಿಗೆ ಬೇಡ. ಒಳಗೆ ಮರದ ರೀಪುಗಳನ್ನು ಪಕ್ಕಪಕ್ಕ ಜೋಡಿಸಿರುತ್ತಾರೆ. ನಿಮ್ಮ ಓರೆ ಕೊಯ್ತ ಎರಡು ರೀಪು ಸೇರುವ ಜಾಗಕ್ಕೆ ಬಿದ್ದರೆ ಅಂಚು ಕೈಯಲ್ಲೇ ಮುರಿಯುತ್ತದೆ.

ಎಂಡಿಎಫ್ (ಮರದ ನಾರನ್ನು ಅಂಟಿನ ಜೊತೆ ಒತ್ತಿ ಮಾಡಿದ ಹಲಗೆ) ಸಪಾಟಾಗಿರುತ್ತದೆ, ಕೊಯ್ಯಲು ಬೆಣ್ಣೆಯಂತೆ. ಆದರೆ ಅಂಚಿಗೆ ನೀರು ತಾಗಿದರೆ ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಅಂಚಿಗೆ ಸ್ಕ್ರೂ ಹಾಕಿದರೆ ಸೀಳುತ್ತದೆ. ತೂಕವೂ ಜಾಸ್ತಿ, 18 ಮಿ.ಮೀ. ಶೀಟ್ ಸುಮಾರು 40 ಕೆಜಿ ಬರುತ್ತದೆ. ಎಚ್‌ಡಿಎಚ್‌ಎಂಆರ್ ಅಂತ ಮಾರುವ ಹಲಗೆ ಎಂಡಿಎಫ್‌ಗಿಂತ ಗಟ್ಟಿ, ತೇವವನ್ನೂ ಜಾಸ್ತಿ ತಡೆಯುತ್ತದೆ. ಅಡುಗೆಮನೆ ಕಪಾಟಿಗೆ ಒಪ್ಪಬಹುದು. ಭಾರ ಹೊರುವ ತೆಳು ಓರೆ ಅಂಚಿಗೆ ಪದರ ಪದರದ ಪ್ಲೈಯೇ ವಾಸಿ. ಪಾರ್ಟಿಕಲ್ ಬೋರ್ಡ್ ಸುದ್ದಿಯೇ ಬೇಡ.

ಡಬ್ಲ್ಯುಪಿಸಿ (ಮರದ ಪುಡಿ ಬೆರೆತ ಪ್ಲಾಸ್ಟಿಕ್) ಅಥವಾ ಪಿವಿಸಿ ಬೋರ್ಡಿಗೆ ನೀರಿನ ಹೆದರಿಕೆ ಇಲ್ಲ, ಗೆದ್ದಲು ತಿನ್ನುವುದಿಲ್ಲ. ಕೇಳಲು ಕೊಡಗಿಗೇ ಮಾಡಿದಂತಿದೆ. ಆದರೆ ಭಾರಕ್ಕೆ ನಿಧಾನವಾಗಿ ಬಾಗುತ್ತದೆ, ಶೀಟಿನ ಛಾವಣಿಯ ಕೆಳಗಿನ ಬೇಸಿಗೆ ಬಿಸಿಗೆ ಇನ್ನೂ ಜಾಸ್ತಿ. ಸ್ಕ್ರೂ ಹಿಡಿತವೂ ಪ್ಲೈನಷ್ಟಿಲ್ಲ. ಹಗುರ ಸಾಮಾನಿನ ಪೆಟ್ಟಿಗೆಗಳಿಗೆ, ಒದ್ದೆ ನೆಲದ ಹತ್ತಿರದ ಕೆಳಸಾಲಿಗೆ ಬಳಸಿ.

ಸೆಂಟ್ರಿಂಗ್‌ಗೆ ಬಳಸುವ ಫಿಲ್ಮ್ ಹಚ್ಚಿದ ಶಟರಿಂಗ್ ಪ್ಲೈ ನನಗೆ ಇಷ್ಟವಾದ ಆಯ್ಕೆ. ಕಾಂಕ್ರೀಟಿನ ನೀರು ತಡೆಯಲೆಂದೇ ಮಾಡಿದ್ದು. ಮನೆ ಕಟ್ಟಿ ಮುಗಿಸಿದವರ ಹತ್ತಿರ ಹಳೆಯದು ಅಗ್ಗಕ್ಕೆ ಸಿಗುತ್ತದೆ. ಸಿಮೆಂಟ್ ಕಚ್ಚಿದ ಜಾಗ ಕೆರೆದು, ಮೊಳೆ ಒಂದೂ ಉಳಿಯದಂತೆ ಕಿತ್ತು, ಕೊಳೆತ ಅಂಚು ಕೊಯ್ದು ಬಿಸಾಡಿ. ಒಂದೇ ಒಂದು ಮೊಳೆ ಸಿಕ್ಕರೂ ಗರಗಸದ ಹಲ್ಲು ಹಾರುತ್ತದೆ. ಇದರ ಫಿಲ್ಮ್ ಮೇಲೆ ಗೋಂದು ಕೂರುವುದಿಲ್ಲ, ಹಾಗಾಗಿ ಸ್ಕ್ರೂ ನಂಬಿಯೇ ಕೆಲಸ ಮಾಡಬೇಕು. 12 ಮಿ.ಮೀ.ಯೇ ಜಾಸ್ತಿ ಸಿಗುವುದರಿಂದ ಗೋಡೆಯ ಪಟ್ಟಿಗಿಂತ ಪೆಟ್ಟಿಗೆ, ಹಿಂಬದಿ ಹಲಗೆಗೆ ಅನುಕೂಲ.

ಇನ್ನು ನಮ್ಮ ಸಿಲ್ವರ್ ಓಕ್. ಕರಿಮೆಣಸು ಹಬ್ಬಿಸಿದ ಈ ನೆರಳಿನ ಮರ ಲಾರಿ ಹತ್ತಿ ಕೇರಳದ ಪ್ಲೈ ಕಾರ್ಖಾನೆಗಳಿಗೆ ಹೋಗುವುದು ಎಲ್ಲರಿಗೂ ಗೊತ್ತು. ನೀವು ಅಂಗಡಿಯಿಂದ ತರುವ ಶೀಟಿನ ಒಳಗೆ ಕೊಡಗಿನ ಮರವೇ ಇದ್ದರೂ ಇರಬಹುದು! ತೋಟದಲ್ಲಿ ಗಾಳಿಗೆ ಬಿದ್ದ ಮರವಿದ್ದು, ಮಿಲ್ಲಿನಲ್ಲಿ 1 ಇಂಚಿನ ಹಲಗೆ ಸೀಳಿಸಲು ಸಾಧ್ಯವಾದರೆ ಪಟ್ಟಿಗಳನ್ನು ಅದರಿಂದಲೇ ಮಾಡಬಹುದು. 3 ಇಂಚಿನ ಪಟ್ಟಿಗೆ ಊದು ಕುಗ್ಗಿನ ತೊಂದರೆ ಅಷ್ಟಿಲ್ಲ. ತೊಂದರೆ ಎರಡು. ಹಸಿ ಹಲಗೆ ತಿರುಚುತ್ತದೆ, ಹಾಗಾಗಿ ನಡುವೆ ರೀಪರ್ ತುಂಡು ಕೊಟ್ಟು ಅಟ್ಟಿ, ನೆರಳಿನಲ್ಲಿ ಒಂದು ಬೇಸಿಗೆ ಪೂರ್ತಿ ಒಣಗಿಸಬೇಕು. ಜೊತೆಗೆ ಕುಟ್ಟೆ (ಮರ ಕೊರೆಯುವ ಹುಳು) ಹಿಡಿಯುತ್ತದೆ. ಬೋರಿಕ್ ಆಸಿಡ್ ಮತ್ತು ಬೋರಾಕ್ಸ್ ಕದಡಿದ ನೀರಿನಲ್ಲಿ ಹಸಿಯಿರುವಾಗಲೇ ನೆನೆಸಿ ಒಣಗಿಸುವುದು ಅದಕ್ಕೆ ಹಳೆಯ ಮದ್ದು. ತಾಳ್ಮೆ ಇದ್ದವರಿಗೆ ಇದು ಒಳ್ಳೆ ದಾರಿ. ಈ ತಿಂಗಳೇ ಗೋಡೆ ತುಂಬಬೇಕು ಅನ್ನುವವರು ಪ್ಲೈ ತನ್ನಿ.

ದಪ್ಪ ಎಷ್ಟು, ಶೀಟ್ ಎಷ್ಟು?

ಪಟ್ಟಿಗೆ 18 ಅಥವಾ 19. ಅದರಲ್ಲಿ ರಾಜಿ ಬೇಡ. 12 ಮಿ.ಮೀ. ಪಟ್ಟಿಯಲ್ಲಿ ಕಚ್ಚಿಕೊಳ್ಳುವ ಜಾಗ ಕಿರಿದು, ತಗುಲಿದರೆ ಎದ್ದು ಬರುತ್ತದೆ. ವೀಡ್ ಕಟರ್ ಏಳೆಂಟು ಕೆಜಿ ತೂಗುತ್ತದೆ, ಎತ್ತಿ ಇಡುವಾಗ ಯಾರೂ ಮೆಲ್ಲಗೆ ಇಡುವುದಿಲ್ಲ. 25 ಮಿ.ಮೀ. ಸುಮ್ನೆ ತೂಕ. ಪೆಟ್ಟಿಗೆ, ಗೂಡುಗಳಿಗೆ 12 ಸಾಕು. ಸ್ಕ್ರೂಡ್ರೈವರ್ ಸಾಲಿನ ಹಲಗೆಗೆ 9 ಆದರೂ ಆಯಿತು.

ಹೇಳಿದ ದಪ್ಪ ಸಿಗುತ್ತದೆಯೇ ಅನ್ನುವುದು ಬೇರೆ ವಿಷಯ. ಐಎಸ್ 303ರಲ್ಲೇ ದಪ್ಪ ಶೀಟುಗಳಿಗೆ ನೂರಕ್ಕೆ 5ರಷ್ಟು ಆಚೀಚೆ ಒಪ್ಪಿಗೆ ಇದೆ. 19 ಅಂದರೆ ಹತ್ತಿರ ಹತ್ತಿರ 1 ಮಿ.ಮೀ. ವ್ಯತ್ಯಾಸ. ಅದಕ್ಕಿಂತ ತೆಳ್ಳಗಿನದ್ದನ್ನೂ 19 ಅಂತಲೇ ಮಾರುವವರಿದ್ದಾರೆ. ಗೋಡೆಯ ಪಟ್ಟಿ ಒಂದು ಶೀಟಿನದ್ದು, ಪೆಟ್ಟಿಗೆಯ ಬೆನ್ನಿನ ಪಟ್ಟಿ ಇನ್ನೊಂದರದ್ದು ಆದಾಗ ಈ ವ್ಯತ್ಯಾಸ ಕಾಡುತ್ತದೆ. ಪಟ್ಟಿಗಳನ್ನೆಲ್ಲ ಒಂದೇ ಶೀಟಿನಿಂದ ಕೊಯ್ದರೆ ಈ ಗೋಳಿಲ್ಲ. ಗರಗಸ ತಿನ್ನುವ ಮರ ಕಳೆದರೂ ಒಂದು 8x4 ಶೀಟಿಗೆ 3 ಇಂಚು ಅಗಲದ, 8 ಅಡಿ ಉದ್ದದ 15 ಪಟ್ಟಿ ಬರುತ್ತದೆ. 8 ಅಡಿ ಅಗಲದ ಗೋಡೆಗೆ 8 ಇಂಚಿಗೊಂದರಂತೆ 9 ಸಾಲು ಹಾಕಿದರೆ ಆರಡಿ ಎತ್ತರ ಮುಚ್ಚುತ್ತದೆ. ಉಳಿದ 6 ಪಟ್ಟಿ ಪೆಟ್ಟಿಗೆಗಳ ಬೆನ್ನಿಗೆ. ಒಂದು ಗೋಡೆಗೆ ಒಂದು ಶೀಟ್.

ಕೊಯ್ಯುವಾಗ 8 ಅಡಿ ಉದ್ದಕ್ಕೇ ಕೊಯ್ಯಿಸಿ. ಮೇಲ್ಪದರದ ನಾರು ಆ ದಿಕ್ಕಿಗೆ ಓಡುತ್ತದೆ, ಪಟ್ಟಿಗೆ ಬಲ ಬರುವುದು ಅದರಿಂದ. ಪಟ್ಟಿಯಿಂದ ಪಟ್ಟಿಗೆ ಓರೆ ಒಂದೇ ಸಮ ಬರಬೇಕಾದರೆ ಕೈಗರಗಸಕ್ಕಿಂತ ಟೇಬಲ್ ಸಾ ಇರುವ ಮರಗೆಲಸದವರ ಹತ್ತಿರ ಕೊಯ್ಯಿಸುವುದು ಲೇಸು. 19 ಮಿ.ಮೀ. ಶೀಟ್ 35ರಿಂದ 40 ಕೆಜಿ ಇರುತ್ತದೆ. ಕೊಯ್ಯಿಸಿಯೇ ತಂದರೆ ಜೀಪಿನಲ್ಲಿ ಹಾಕಿಕೊಂಡು ಬರಬಹುದು, ಪಿಕಪ್ ಬಾಡಿಗೆಯೂ ಉಳಿಯಿತು.

ಅಂಗಡಿಯಲ್ಲಿ

ಐಎಸ್‌ಐ ಗುರುತು, ಅದರ ಜೊತೆ ಐಎಸ್ 303 ಅಥವಾ 710, ಸಿಎಂ/ಎಲ್ ಅಂತ ಶುರುವಾಗುವ ಪರವಾನಗಿ ಸಂಖ್ಯೆ ಶೀಟಿನ ಮೇಲೆಯೇ ಅಚ್ಚಾಗಿರಬೇಕು. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಕಂಪನಿಗೆ, ಯಾವ ವಸ್ತುವಿಗೆ ಕೊಟ್ಟಿದ್ದು ಅಂತ ಬರುತ್ತದೆ. ಅಂಗಡಿಯವರ ಎದುರೇ ನೋಡಿ. ಒಳ್ಳೆ ಅಂಗಡಿಯವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಆಮೇಲೆ ಅಂಚು. ನಾಲ್ಕೂ ಕಡೆ ಸುತ್ತು ಹಾಕಿ. ಕಪ್ಪು ಸಂದು, ಒಂದರ ಮೇಲೊಂದು ಹತ್ತಿದ ಪದರ ಕಂಡರೆ ಆ ಶೀಟ್ ಪಕ್ಕಕ್ಕಿಡಿಸಿ. ಅಂಚಿಗೆ ದಪ್ಪಗೆ ಬಣ್ಣ ಬಳಿದು ಏನೂ ಕಾಣದಂತೆ ಮಾಡಿದ್ದರೆ ಅದೇ ಬ್ರಾಂಡಿನ ಕೊಯ್ದ ತುಂಡು ಕೇಳಿ. ಬೆರಳ ಗಂಟಿನಿಂದ ತಟ್ಟುತ್ತಾ ಹೋದರೆ ಒಳಗೆ ಟೊಳ್ಳಿರುವ ಕಡೆ ಸದ್ದು ಬೇರೆ ಬರುತ್ತದೆ. ಒಂದು ತುದಿಯಲ್ಲಿ ಕಣ್ಣಿಟ್ಟು ಉದ್ದಕ್ಕೆ ನೋಡಿದರೆ ಸೊಟ್ಟ ಗೊತ್ತಾಗುತ್ತದೆ. ಪಟ್ಟಿ ಕೊಯ್ದ ಮೇಲೆ ಸೊಟ್ಟ ತಾನಾಗಿ ಸರಿಹೋಗುತ್ತದೆ ಅನ್ನುವ ಮಾತು ನಂಬಬೇಡಿ.

ಕೈಗೆ ಸಿಕ್ಕಿದ ತುಂಡನ್ನು ಮನೆಗೆ ತಂದು ಹಳೆ ಪಾತ್ರೆಯಲ್ಲಿ ಮೂರು ನಾಲ್ಕು ಗಂಟೆ ಕುದಿಸಿ ನೋಡಬಹುದು. ಅಡುಗೆ ಪಾತ್ರೆ ಬೇಡ, ಒಲೆ ಹೊರಗಿರಲಿ, ವಾಸನೆ ಬರುತ್ತದೆ. ಬಿಡಬ್ಲ್ಯುಆರ್ ಅಂತ ಕೊಟ್ಟಿದ್ದು ಅಷ್ಟರಲ್ಲೇ ಪದರ ಬಿಟ್ಟರೆ ಉಳಿದ ಶೀಟ್ ಅಲ್ಲಿಂದ ತರಬೇಡಿ.

ಗೋಡೆಯೂ ಶೀಟಿನಷ್ಟೇ ಮುಖ್ಯ

ಎಷ್ಟೇ ಒಳ್ಳೆ ಪ್ಲೈ ತಂದು ಒದ್ದೆ ಗೋಡೆಗೆ ಅಂಟಿಸಿ ಬಡಿದರೆ ಬೆನ್ನಿಗೆ ಬೂಷ್ಟು ಹಿಡಿಯುತ್ತದೆ. ಮೊದಲು 2 ಅಡಿಗೊಂದರಂತೆ ನೆಟ್ಟಗೆ ಮರದ ರೀಪರ್ ಹೊಡೆಯಿರಿ, ಅದರ ಮೇಲೆ ಅಡ್ಡಕ್ಕೆ ಕ್ಲೀಟ್ ಪಟ್ಟಿ. ಹಿಂದೆ ಒಂದು ಇಂಚು ಗಾಳಿ ಆಡಲು ಜಾಗ ಸಿಗುತ್ತದೆ, ಭಾರವೂ ಹಂಚಿಹೋಗುತ್ತದೆ. ಕೆಳಗೆ ನೆಲದಿಂದ ಒಂದಡಿ ಬಿಟ್ಟುಬಿಡಿ. ಗೆದ್ದಲು ಮಣ್ಣಿನ ದಾರಿ ಕಟ್ಟಿಕೊಂಡು ನೆಲದಿಂದಲೇ ಏರುವುದು. ಗೋಡೆ ಕಾಣುವಂತಿದ್ದರೆ ಆ ಗೆರೆ ಮೊದಲೇ ಕಣ್ಣಿಗೆ ಬೀಳುತ್ತದೆ. ಇಡೀ ಹಲಗೆಗಿಂತ ಪಟ್ಟಿಯ ಪದ್ಧತಿ ನಮ್ಮ ಊರಿಗೆ ವಾಸಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಗಟ್ಟಿ ಸಿಮೆಂಟ್ ಬ್ಲಾಕ್ ಅಥವಾ ಇಟ್ಟಿಗೆ ಗೋಡೆಗೆ ಪ್ಲಾಸ್ಟಿಕ್ ವಾಲ್ ಪ್ಲಗ್ ಸಾಕು, ಆದರೆ ಗಾರೆಯಲ್ಲಿ ನಿಲ್ಲದೆ ಬ್ಲಾಕಿನೊಳಗೆ ಒಂದೂವರೆ ಇಂಚಾದರೂ ಇಳಿಯಬೇಕು. ಹಾಲೋ ಬ್ಲಾಕ್ ಗೋಡೆಯಲ್ಲಿ ಟೊಳ್ಳಿಗೆ ಬಿದ್ದರೆ ಮಾಮೂಲಿ ಪ್ಲಗ್ ತಿರುಗುತ್ತಲೇ ಇರುತ್ತದೆ, ಅದಕ್ಕೆಂದೇ ಇರುವ ಪ್ಲಗ್ ಕೇಳಿ. ಹಳೆ ಮಣ್ಣಿಟ್ಟಿಗೆ ಗೋಡೆಯನ್ನು ಭಾರಕ್ಕೆ ನಂಬಬೇಡಿ. ರೀಪರನ್ನು ಮೇಲೆ ತೊಲೆಗೆ ಬಿಗಿದು, ಕೆಳಗೆ ಚಪ್ಪಡಿ ಕಲ್ಲಿನ ಮೇಲೆ ನಿಲ್ಲಿಸಿ. ಗೋಡೆಗೆ ಸುಮ್ನೆ ಒರಗಲು ಒಂದೆರಡು ಸ್ಕ್ರೂ ಸಾಕು.

ಪೇಂಟ್ ಪಟ್ಟಿಯ ಎಲ್ಲ ಮುಖಕ್ಕೂ ಬೇಕು, ಮುಂದೆ ಮಾತ್ರ ಬಳಿದರೆ ಹಿಂದಿನ ಮುಖ ತೇವ ಕುಡಿದು ಪಟ್ಟಿ ಬಾಗುತ್ತದೆ. ಓರೆ ಅಂಚಿಗೆ ಎರಡು ಕೋಟ್ ಪ್ರೈಮರ್ ಕೊಟ್ಟು, ಆಮೇಲೆ ಮನೆಯಲ್ಲಿ ಉಳಿದ ಎನಾಮೆಲ್ ಯಾವ ಬಣ್ಣದ್ದಾದರೂ ಸರಿ. ದಪ್ಪ ಕಟ್ಟಬೇಡಿ, ಪಟ್ಟಿ ಪಟ್ಟಿಗೆ ಅಂಟಿ ಕೂರುತ್ತದೆ. ಸ್ಕ್ರೂ ಸ್ಟೇನ್‌ಲೆಸ್ ಅಥವಾ ಸತುವಿನ ಲೇಪದ್ದು. ಕಪ್ಪು ಡ್ರೈವಾಲ್ ಸ್ಕ್ರೂ ಅಗ್ಗ, ಆದರೆ ನಮ್ಮ ತೇವಕ್ಕೆ ತುಕ್ಕು ಹಿಡಿಯುತ್ತದೆ, ಭಾರಕ್ಕೆ ತಲೆ ಹಾರುತ್ತದೆ. ಪೆಟ್ಟಿಗೆ ಜೋಡಿಸಲು ಮಾಮೂಲಿ ಫೆವಿಕಾಲ್ ಬದಲು ಅದರದ್ದೇ ಮರೈನ್ ತನ್ನಿ. ಅಂಚಿಗೆ ಸ್ಕ್ರೂ ಹಾಕುವ ಮುಂಚೆ ಸಣ್ಣ ಬಿಟ್‌ನಿಂದ ತೂತು ಮಾಡಿಕೊಂಡರೆ ಪದರ ಸೀಳುವುದಿಲ್ಲ.

ಕೊಳ್ಳಲು ಒಳ್ಳೆ ಕಾಲ ಫೆಬ್ರವರಿಯಿಂದ ಏಪ್ರಿಲ್. ಶೀಟ್ ಒಣಗಿರುತ್ತದೆ, ಪೇಂಟ್ ಬೇಗ ಆರುತ್ತದೆ. ಜುಲೈನಲ್ಲಿ ತರಲೇಬೇಕಾಗಿ ಬಂದರೆ ಗೋಡೌನಿನಲ್ಲಿ ನೆಲಕ್ಕೆ ತಾಗಿಸಿ ನಿಲ್ಲಿಸಿದ ಶೀಟ್ ಬೇಡ ಅನ್ನಿ, ಅಟ್ಟಿಯ ನಡುವಿನದನ್ನು ತೆಗೆಸಿ. ಮನೆಗೆ ತಂದು ರೀಪರ್ ಮೇಲೆ ಸಪಾಟಾಗಿ ಮಲಗಿಸಿ, ಮೇಲೆ ಭಾರ ಇಟ್ಟು ಒಳಗೆ ನಾಲ್ಕೈದು ದಿನ ಬಿಟ್ಟು ಆಮೇಲೆ ಕೊಯ್ಯಿಸಿ. ಪ್ರೈಮರ್ ಆರಲು ಒಂದು ದಿನ ಜಾಸ್ತಿ ಬೇಕು, ಅಷ್ಟೆ.